ಹಳೇ ಜೆಸಿಬಿ ಕೊಳ್ಳುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ. ಬಾವನ ಜೊತೆ ಸೇರಿ ಸೆಕೆಂಡ್ ಹ್ಯಾಂಡ್ ಜೆಸಿಬಿ 3ಡಿಎಕ್ಸ್ ತಗೊಳ್ಳೋಣ ಅಂತಿದ್ದೇವೆ. ಕೃಷಿ ಹೊಂಡ, ತೋಟದ ಬಸಿಗಾಲುವೆ ಕೆಲಸಕ್ಕೆ. ಮೀಟರ್ 6,000 ಗಂಟೆ ತೋರಿಸುತ್ತಿದೆ, ಪೇಂಟ್ ಹೊಸದು. ಅನುಭವ ಇರುವವರು ಹೇಳಿ.

ಶಿಕಾರಿಪುರದಿಂದ, ಗಾಡಿ ಬಾಡಿಗೆಗೆ ಬಿಡುವವರು: ಮೀಟರ್ ನಂಬಬೇಡಿ, ಪೇಂಟಂತೂ ಲೆಕ್ಕಕ್ಕೇ ಇಲ್ಲ. ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ದು ಗಂಟೆ ಮಾತ್ರ ಕಮ್ಮಿ ಇದ್ದರೆ ಯಾರೋ ಕೈ ಆಡಿಸಿದ್ದಾರೆ ಅಂತಲೇ ಅಂದುಕೊಳ್ಳಿ. ಬೆಳಿಗ್ಗೆ ಹೇಳದೆ ಕೇಳದೆ ಹೋಗಿ. ಮೊದಲು ಬಾನೆಟ್ ಮುಟ್ಟಿ ನೋಡಿ. ಬಿಸಿ ಮಾಡಿಟ್ಟ ಇಂಜಿನ್ ಯಾವುದಾದರೂ ಸ್ಟಾರ್ಟ್ ಆಗುತ್ತದೆ, ತಣ್ಣಗಿರುವಾಗ ಆಗಬೇಕು. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ಅಲ್ಲಿಂದ ಬುಸುಬುಸು ಹೊಗೆ ಒತ್ತಿಕೊಂಡು ಬಂದರೆ ರಿಂಗ್, ಲೈನರ್ ಹೋಗಿದೆ. ಇಂಜಿನ್ ಬಿಚ್ಚುವ ಖರ್ಚು ನಿಮ್ಮ ತಲೆಗೆ.

ಹಿಂದಿನ ಬಕೆಟ್ ನೆಲಕ್ಕೆ ಊರಿ, ಬೂಮ್ (ಬಕೆಟ್ ಎತ್ತುವ ಉದ್ದನೆ ತೋಳು) ಚೂರು ಚೂರೇ ಮೇಲೆ ಕೆಳಗೆ ಆಡಿಸಲು ಹೇಳಿ. ದೂರ ನಿಂತು ಕೀಲುಗಳಲ್ಲಿರುವ ಪಿನ್‌ಗಳನ್ನು ನೋಡಿ. ಬುಷ್ (ಪಿನ್ ಕೂರುವ ಲೋಹದ ಬಳೆ) ಒಳಗೆ ಪಿನ್ ಲಟಲಟ ಅಂದರೆ ಗ್ರೀಸ್ ಕಾಣದ ಗಾಡಿ. ಬೂಮ್ ತಿರುಗುವ ಕಿಂಗ್‌ಪೋಸ್ಟ್ ಹತ್ತಿರ ವೆಲ್ಡಿಂಗ್ ಗುರುತು ಇದೆಯಾ ಹುಡುಕಿ. ಹೊಸ ಪೇಂಟ್ ಬಳಿದಿರೋದು ಅದನ್ನು ಮುಚ್ಚೋಕೇ ಇರಬಹುದು, ಅಲ್ವಾ?

ಮೆಕ್ಯಾನಿಕ್ ಒಬ್ಬರು: ಮೇಲಿನವರು ಹೇಳಿದ್ದು ಸರಿ. ಜೊತೆಗೆ ಬೂಮ್ ಎತ್ತಿ ಇಂಜಿನ್ ಆಫ್ ಮಾಡಿಸಿ, ಕೆಳಗೆ ಯಾರೂ ನಿಲ್ಲದ ಹಾಗೆ ನೋಡಿಕೊಂಡು ಟೀ ಕುಡಿದು ಬನ್ನಿ. ಅಷ್ಟರಲ್ಲಿ ತಾನಾಗಿ ಇಳಿದಿದ್ದರೆ ಸಿಲಿಂಡರ್ ಸೀಲ್ ಇಲ್ಲವೇ ವಾಲ್ವ್ ಲೀಕ್. ಸೀಲ್ ಕಿಟ್ ದೊಡ್ಡ ಖರ್ಚಲ್ಲ. ಹೈಡ್ರಾಲಿಕ್ ಪಂಪ್ ಆದರೆ ಜೇಬಿಗೆ ಕತ್ತರಿ.

ಯಾವ ವರ್ಷದ ಗಾಡಿ ಅಂತ ಬರೆದಿಲ್ಲ ನೀವು. 2021ರ ಏಪ್ರಿಲ್‌ನಲ್ಲಿ ಜೆಸಿಬಿಯಂಥ ಚಕ್ರದ ಯಂತ್ರಗಳಿಗೆ ಬಿಎಸ್ ಸಿಇವಿ 4 ಅನ್ನೋ ಹೊಗೆ ಮಿತಿಯ ನಿಯಮ ಬಂದ ಮೇಲೆ ಕಾಮನ್ ರೈಲ್ (ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರ್‌ಗೂ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವ) ಇಂಜಿನ್ ಬಂದಿವೆ. ಅವಕ್ಕೆ ಕೊಳೆ ಡೀಸೆಲ್ ಆಗಿಬರೋದಿಲ್ಲ, ಇಂಜೆಕ್ಟರ್ ಹೋಗುತ್ತದೆ. ಕ್ಯಾನ್‌ನಲ್ಲಿ ತಂದ ಡೀಸೆಲ್ ಸೋಸಿ ಹಾಕಿ. ಟ್ಯಾಂಕ್ ಸಂಜೆಯೇ ತುಂಬಿಸಿ. ಖಾಲಿ ಇದ್ದರೆ ರಾತ್ರಿ ತಂಪಿಗೆ ಒಳಗೆ ನೀರು ಹನಿಗಟ್ಟುತ್ತದೆ. ಬೆಳಿಗ್ಗೆ ವಾಟರ್ ಸೆಪರೇಟರ್ ಬಿಚ್ಚಿ ನೀರು ಬಿಡಿ. ಏರ್ ಫಿಲ್ಟರ್ ಎರಡಿರುತ್ತದೆ, ಒಳಗಿನದಕ್ಕೆ ಗಾಳಿ ಹೊಡೆಯಬೇಡಿ, ಹೊಸದೇ ಹಾಕಿ.

ಸಾಗರದಿಂದ: ಕಾಗದ ಮರೆಯಬೇಡಿ. ಆರ್‌ಸಿಯಲ್ಲಿ ಸಾಲ ಬರೆದಿದ್ದರೆ ಫೈನಾನ್ಸ್‌ನವರ ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ), ಫಾರಂ 35 (ಆರ್‌ಸಿಯಿಂದ ಸಾಲ ತೆಗೆಸುವ ಅರ್ಜಿ) ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಚಾಸಿ ನಂಬರ್ ನೀವೇ ಓದಿ ತಾಳೆ ನೋಡಿ.

ಇನ್ನೊಂದು. ನಮ್ಮ ಕಡೆ ಮಳೆ ಹಿಡಿದರೆ ಕೆಲಸ ನಿಲ್ಲುತ್ತದೆ, ಕಂತು ನಿಲ್ಲೋದಿಲ್ಲ. ಆ ಲೆಕ್ಕ ಇಟ್ಟುಕೊಂಡೇ ಸಾಲ ಮಾಡಿ. ಗಾಡಿ ಸುಮ್ನೆ ನಿಂತಿರುವಾಗ ಹೊರಗೆ ಉಳಿದ ಸಿಲಿಂಡರ್ ರಾಡಿಗೆ ಗ್ರೀಸ್ ಸವರಿಡಿ. ತುಕ್ಕಿನ ಚುಕ್ಕೆ ಬಿದ್ದರೆ ಹೊಸ ಸೀಲ್ ಹಾಕಿದರೂ ಹರಿಯುತ್ತದೆ.