ಮಳೆಗಾಲಕ್ಕೆ ಮಾದರಿ ರೈಲಿನ ಲೇಔಟ್ ಮುಚ್ಚಿಡೋದಾ, ಕೆಲಸ ಮುಂದುವರಿಸೋದಾ? ಅನುಭವ ಹಂಚಿಕೊಳ್ಳಿ

ಶಿವಮೊಗ್ಗ_ಲೂಪ್
ಎಚ್‌ಒ ಸ್ಕೇಲ್ (ನಿಜ ರೈಲಿನ 87ರಲ್ಲಿ ಒಂದು ಪಾಲು), 8x4 ಅಡಿ, 12 ಮಿ.ಮೀ. ಪ್ಲೈ. ಮಹಡಿ ಮೇಲೆ ಜಿಂಕ್ ಶೀಟ್ ಹೊದಿಸಿದ ಕೋಣೆ. ಹಳಿ ಕೂಡಿಸಿದ್ದು ಜನವರಿಯಲ್ಲಿ. ಏಪ್ರಿಲ್‌ನಲ್ಲಿ ಒಂದು ಕರ್ವ್ ಉಬ್ಬಿತು, ಜೂನ್‌ನಿಂದ ಎಂಜಿನ್ ಪಾಯಿಂಟ್ (ಹಳಿ ಕವಲೊಡೆಯೋ ಜಾಗ) ಮೇಲೆ ನಿಲ್ಲುತ್ತಿದೆ. ವಾರಕ್ಕೆ ನಾಲ್ಕೈದು ಗಂಟೆ ಸಿಗುತ್ತೆ ಅಷ್ಟೆ. ಯಾವ ಕಾಲದಲ್ಲಿ ಯಾವ ಕೆಲಸ ಇಟ್ಟುಕೊಳ್ತೀರಿ? ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಎಳೆಯೋ ಮೆಷಿನ್) ಬೇಕೇ ಬೇಕಾ?

ಪಡುವಣ_ಯಾರ್ಡ್ (ಮಂಗಳೂರು)
ಬೇಕಾ ಅಂತ ಕೇಳುವುದೇ ಬೇಡ ಮಾರಾಯ್ರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಮುಚ್ಚಿದ ಕೋಣೆಯಲ್ಲೂ ತೇವಾಂಶ 85ರಿಂದ ಕೆಳಗೆ ಬರುವುದಿಲ್ಲ. 12 ಲೀಟರಿನ ಮೆಷಿನ್, ₹16,500 ಬಿತ್ತು. ಡಬ್ಬಿ ಮೇಲಿನ ಆ 12 ಲೀಟರ್ 30 ಡಿಗ್ರಿ, 80% ತೇವಾಂಶದ ಲೆಕ್ಕ. ಕೋಣೆ 60%ಗೆ ಇಳಿದ ಮೇಲೆ ಅದರ ಅರ್ಧವೂ ಬರುವುದಿಲ್ಲ. 240 ವ್ಯಾಟ್, ದಿನಕ್ಕೆ 8 ಗಂಟೆ ಹಾಕಿದರೆ ತಿಂಗಳಿಗೆ 58 ಯೂನಿಟ್. ಕೋಣೆಯನ್ನು ಎರಡು ಮೂರು ಡಿಗ್ರಿ ಬಿಸಿಯೂ ಮಾಡುತ್ತದೆ, ಮಾರುವವರು ಅದನ್ನು ಹೇಳುವುದಿಲ್ಲ. 55%ಕ್ಕೆ ಸೆಟ್ ಮಾಡಿ ಬಿಡಿ. 40ಕ್ಕೆ ಇಳಿಸಿದರೆ ಮರ ಎಳೆದುಕೊಂಡು ಬೇರೆ ರಗಳೆ.

ಮಳೆಗಾಲದಲ್ಲಿ ಲ್ಯಾಕರ್, ಮ್ಯಾಟ್ ವಾರ್ನಿಷ್ ಸ್ಪ್ರೇ ಮುಟ್ಟಬೇಡಿ. ತಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲೇ ಕೂರುತ್ತದೆ, ಬಣ್ಣದ ಮೇಲೆ ಬಿಳಿ ಮಬ್ಬು. ಅರ್ಜೆಂಟ್ ಇದ್ದರೆ ರಿಟಾರ್ಡರ್ (ನಿಧಾನ ಆರುವ) ತಿನ್ನರ್ ಹಾಕಿ, ಕಂಪ್ರೆಸರಿಗೆ ಮಾಯಿಶ್ಚರ್ ಟ್ರ್ಯಾಪ್ (ನೀರು ಹಿಡಿಯುವ ಫಿಲ್ಟರ್) ಎರಡು ಹಾಕಿ: ಒಂದು ಟ್ಯಾಂಕಿನ ಬಾಯಿಗೆ, ಇನ್ನೊಂದು ಏರ್‌ಬ್ರಶ್ ಹತ್ತಿರ. ಪೈಪಿನೊಳಗೆ ತಣಿದ ಮೇಲೆಯೇ ನೀರು ಹನಿಯಾಗುವುದು, ಹಾಗಾಗಿ ಮೊದಲನೆಯದು ಒಂದೇ ಸಾಲುವುದಿಲ್ಲ. ಸೂಪರ್ ಗ್ಲೂ ತೇವದಿಂದಲೇ ಗಟ್ಟಿಯಾಗುವ ಅಂಟು; ಜುಲೈಯಲ್ಲಿ ಹಿಡಿಯುವ ಮೊದಲೇ ಹಿಡಿದಿರುತ್ತದೆ, ಸುತ್ತ ಬಿಳಿ ಪುಡಿ ಬಿಡುತ್ತದೆ, ಕಿಟಕಿ ಗಾಜು ಹಾಳು. ಬಾಟಲಿಯನ್ನು ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ. ಹೊರಗೆ ತೆಗೆದು ಅರ್ಧ ಗಂಟೆ ಬಿಟ್ಟೇ ಮುಚ್ಚಳ ತೆರೆಯಿರಿ.

ಗುಡ್ಡ, ಹುಲ್ಲಿಗೆ ಮರದ ಪುಡಿ ಅಥವಾ ಚಹಾದ ಚರಟ ಹಾಕುವವರಿಗೆ ಬೂಷ್ಟು ಗ್ಯಾರಂಟಿ. ಫೆವಿಕಾಲ್ ನೀರಿಗೆ ಲೀಟರಿಗೆ ಒಂದು ಚಮಚ ಬೋರಿಕ್ ಪುಡಿ. ಅದೂ ಕೂಡ ನವೆಂಬರಿನಲ್ಲಿ, ಜುಲೈಯಲ್ಲಿ ಅಲ್ಲ. ಜುಲೈಯಲ್ಲಿ ಬ್ಯಾಲಸ್ಟ್ (ಹಳಿ ಕೆಳಗಿನ ಜಲ್ಲಿ) ಅಂಟು ನಾಲ್ಕು ದಿನಕ್ಕೂ ಹಸಿ.

ಹುಬ್ಬಳ್ಳಿ_ಲೋಕೋಶೆಡ್
ಬೋರಿಕ್ ಯಾಕ್ರೀ, ಮೈಲುತುತ್ತ ಹಾಕ್ರಿ. ಮೈದಾ ಅಂಟಿಗೆ ಎಲ್ಲಾರೂ ಅದನ್ನೇ ಹಾಕ್ತಿದ್ರು, ಒಂದು ಜಿರಳಿ ಹತ್ರ ಬರಂಗಿಲ್ಲ.

ಮತ್ತ ಕರ್ವ್ ಉಬ್ಬಿದ್ದು ಮಳಿಗೆ ಅಲ್ರಿ, ಬಿಸಲಿಗೆ. ನಿಕಲ್ ಸಿಲ್ವರ್ ಹಳಿ ಡಿಗ್ರಿಗೆ ಮೀಟರಿಗೆ 0.017 ಮಿ.ಮೀ. ಬೆಳೀತದ. ಜನವರಿ ಮುಂಜಾನೆ 18 ಡಿಗ್ರಿಯೊಳಗ ಕೂಡಿಸೀರಿ, ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗ 43. 25 ಡಿಗ್ರಿ ಫರಕು. 914 ಮಿ.ಮೀ. ಫ್ಲೆಕ್ಸ್ ಟ್ರ್ಯಾಕಿಗೆ (ಬಗ್ಗೋ ಹಳಿ) 0.39 ಮಿ.ಮೀ., ಆರು ಮೀಟರ್ ಬೆಸಿಗಿ (ಸೋಲ್ಡರ್) ಹಾಕಿದ್ರ ಎರಡೂವರೆ ಮಿ.ಮೀ. ಎಲ್ಲಿಗೆ ಹೋಗಬೇಕು ಅದು? ಚಳಿಯೊಳಗ ಕೂಡಿಸೋರು ಜೋಡಿಗೆ ಅರ್ಧ ಮಿ.ಮೀ. ಸಂದು ಬಿಡ್ರಿ, ಮೇ ತಿಂಗಳಾಗ ಕೂಡಿಸೋರು ಒತ್ತಿ ಕೂಡಿಸ್ರಿ. ಕರ್ವಿನ ಜೋಡಿ ಅಷ್ಟೇ ಬೆಸಿಗಿ, ನೇರ ಹಳಿಗೆ ಜಾರೋ ಜಾಯ್ನರ್ (ಹಳಿ ಕೂಡಿಸೋ ಕ್ಲಿಪ್). ಪ್ರತಿ ತುಂಡಿಗೂ 0.5 ಚ.ಮಿ.ಮೀ. ಫೀಡರ್ (ಹಳಿಗೆ ಕರೆಂಟ್ ಒಯ್ಯೋ) ವೈರ್, ಕೆಳಗ 1.5ರ ಬಸ್ (ಮುಖ್ಯ ವೈರ್).

ಬೆಸಿಗಿ ಕೆಲಸಕ್ಕ ಮಳಿಗಾಲನs ಛಲೋ. ಬ್ಯಾಸಗಿಯೊಳಗ ಫ್ಯಾನ್ ಹಚ್ಚಿದ್ರ ಬೆಸಿಗಿ ತಣ್ಣಗಾಗತದ, ಆರಿಸಿದ್ರ ಮನಷಾ ಬೇಯತಾನ. ಅಕ್ರಿಲಿಕ್ ಬಣ್ಣ ಏರ್‌ಬ್ರಶ್ ತುದಿಯೊಳಗನ ಒಣಗತದ: 10 ಮಿ.ಲೀ.ಗೆ ಎರಡು ಮೂರು ಹನಿ ರಿಟಾರ್ಡರ್, ಮುಂಜಾನೆ ಎಂಟರೊಳಗ ಮುಗಸ್ರಿ. ಹಾಟ್ ಗ್ಲೂದಿಂದ ಹಳಿ ಹಚ್ಚೀರಂದ್ರ ಶೀಟ್ ಕೋಣಿಯೊಳಗ ಅದು ಮೆತ್ತಗಾಗಿ ಸರೀತದ, ಅಲ್ಲೂ ನೋಡ್ರಿ.

ಪಡುವಣ_ಯಾರ್ಡ್
ಮೈಲುತುತ್ತ ಅಡಿಕೆ ಮರಕ್ಕೆ ಸರಿ. ನೀರು ತಾಗಿದರೆ ಅದು ಹುಳಿ ದ್ರಾವಣ. ಸ್ಟೀಲ್ ಮೊಳೆ, ಸ್ಪ್ರಿಂಗ್ ಯಾವುದಿದ್ದರೂ ಮೇಲೆ ತಾಮ್ರ ಕೂರುತ್ತದೆ, ಕೆಳಗೆ ಕಬ್ಬಿಣ ಕರಗುತ್ತದೆ. ಒಂದು ಮಳೆಗಾಲ ಸಾಕು.

ಮತ್ತೆ ಉಬ್ಬುವಿಕೆಯ ಅರ್ಧ ಲೆಕ್ಕ ಮಾತ್ರ ಹೇಳಿದಿರಿ. ಬೇಸಗೆಯಲ್ಲಿ ಹಳಿ ಬೆಳೆಯುವಾಗಲೇ ಪ್ಲೈ ಒಣಗಿ ಕುಗ್ಗುತ್ತದೆ. ಎಂಟಡಿ ಹಲಗೆ ಒಂದೆರಡು ಮಿ.ಮೀ. ಕುಗ್ಗಿದರೆ ನಿಮ್ಮ ಅರ್ಧ ಮಿ.ಮೀ. ಸಂದು ಎಲ್ಲಿಗೆ? ಐಎಸ್ 303 ಎಂಆರ್ ಗ್ರೇಡ್ (ಮನೆಯೊಳಗಿನ ಸಾಮಾನ್ಯ ಪ್ಲೈ) ತಂದವರಿಗೆ ಇದು ಕಟ್ಟಿಟ್ಟ ಬುತ್ತಿ. ಐಎಸ್ 710 ಮೆರೈನ್ ಪ್ಲೈ ತನ್ನಿ, ಎರಡೂ ಮುಖ ಮತ್ತು ನಾಲ್ಕೂ ಅಂಚಿಗೆ ಪಾಲಿಯುರೆಥೇನ್ ಎರಡು ಕೋಟ್. ಮೇಲಿನ ಮುಖಕ್ಕೆ ಮಾತ್ರ ಬಳಿದರೆ ಹಲಗೆ ದೋಣಿಯ ಹಾಗೆ ಬಾಗುತ್ತದೆ. ಎಂಡಿಎಫ್ ಅಂತೂ ಬೇಡವೇ ಬೇಡ, ಅಂಚು ಊದಿದರೆ ಮತ್ತೆ ಇಳಿಯುವುದಿಲ್ಲ.

ಹುಬ್ಬಳ್ಳಿ_ಲೋಕೋಶೆಡ್
ಮೆರೈನ್ ಪ್ಲೈ, 16 ಸಾವಿರದ ಮಷಿನ್, ಎರಡು ಟ್ರ್ಯಾಪ್. ಇನ್ನ ಎಂಜಿನ್ ಯಾವಾಗ ತಗೋಬೇಕ್ರಿ ಅವರು?

ಬೇಸ್‌ಮೆಂಟ್_ಲೈನ್ (ಮಿಶಿಗನ್)
ಇಲ್ಲಿ ಎಲ್ಲ ತಲೆಕೆಳಗು. ಅಮೆರಿಕದಲ್ಲಿ ಇದು ಚಳಿಗಾಲದ ಹವ್ಯಾಸ. ನವೆಂಬರನ್ನೇ ಮಾದರಿ ರೈಲಿನ ತಿಂಗಳು ಅಂತ ಆಚರಿಸುತ್ತಾರೆ. ನವೆಂಬರ್‌ನಿಂದ ಮಾರ್ಚ್ ಕೆಲಸ, ಏಪ್ರಿಲ್ ಮೇಲೆ ಹುಲ್ಲು ಕತ್ತರಿಸೋದೇ ಆಗುತ್ತೆ.

ತೊಂದರೆಯೂ ಉಲ್ಟಾ. ಜನವರಿಯಲ್ಲಿ ಹೀಟರ್ ಓಡಿ ಬೇಸ್‌ಮೆಂಟ್ ತೇವಾಂಶ 20-25%. ಕಾರ್ಪೆಟ್ ಮೇಲೆ ನಡೆದು ಬಂದು ಡಿಕೋಡರ್ (ಎಂಜಿನ್ ಒಳಗಿನ ಕಂಟ್ರೋಲ್ ಚಿಪ್) ಮುಟ್ಟಿದರೆ ಮೈಯ ಸ್ಟ್ಯಾಟಿಕ್ಕೇ ಅದನ್ನು ಕೊಲ್ಲುತ್ತೆ. ಸೌಂಡ್ ಡಿಕೋಡರ್ ಒಂದಕ್ಕೆ 100 ಡಾಲರ್ ಮೇಲೆ. 1 ಮೆಗಾಓಮ್ ಇರೋ ರಿಸ್ಟ್ ಸ್ಟ್ರಾಪ್ (ಸ್ಟ್ಯಾಟಿಕ್ ಇಳಿಸೋ ಮಣಿಕಟ್ಟಿನ ಪಟ್ಟಿ) 10 ಡಾಲರ್, ಅದಿಲ್ಲದೆ ಎಂಜಿನ್ ಬಿಚ್ಚಬೇಡಿ. ಪೈನ್ 1x4 ಚೌಕಟ್ಟು ಅಡ್ಡಲಾಗಿ ಕುಗ್ಗಿ ಸ್ಕ್ರೂ ಸಡಿಲ. ಚಳಿಗಾಲಕ್ಕೆ ಹ್ಯುಮಿಡಿಫೈಯರ್, ಬೇಸಗೆಗೆ ಡಿಹ್ಯುಮಿಡಿಫೈಯರ್, ವರ್ಷವಿಡೀ 40-50%. ಗ್ಯಾರೇಜಿನಲ್ಲಿ ಇಟ್ಟ ಎಂಜಿನ್‌ಗೆ ಹಳೇ ಗ್ರೀಸ್ ಗಟ್ಟಿಯಾಗಿ ಗೇರ್ ತಿರುಗಲ್ಲ. ಪ್ಲಾಸ್ಟಿಕ್‌ಗೆ ಹೊಂದೋ ತೆಳು ಎಣ್ಣೆ, ಬೇರಿಂಗ್‌ಗೆ ಸೂಜಿ ಮೊನೆಯಷ್ಟು.

ಪಡುವಣ_ಯಾರ್ಡ್
ಎರಡು ಮೆಷಿನ್ ಇಟ್ಟು ನೆಲದಡಿ ಆಡುವವರು ಶಿವಮೊಗ್ಗದ ಜಿಂಕ್ ಶೀಟಿಗೆ ಏನು ಹೇಳುವುದುಂಟು?

ಬೇಸ್‌ಮೆಂಟ್_ಲೈನ್
ನಿಮ್ಮ 55% ಎಲ್ಲಿ, ನನ್ನ 50% ಎಲ್ಲಿ? ಇಬ್ಬರೂ ಮೀಟರ್ ನೋಡ್ತಿದ್ದೀವಿ. ಸಿಟ್ಟು ಯಾಕೆ?

ಗೊಂಬೆ_ಮೆಟ್ಟಿಲು (ಮೈಸೂರು)
ನಮಗೆ ಕಾಲ ಅಂದರೆ ನವರಾತ್ರಿ. ಗೊಂಬೆ ಮೆಟ್ಟಿಲ ಪಕ್ಕ ಎನ್ ಸ್ಕೇಲ್ (ಎಚ್‌ಒಗಿಂತ ಚಿಕ್ಕದು) 9 ಮಿ.ಮೀ. ಹಳಿ, 4x2 ಅಡಿ ಹಲಗೆ, ಒಂಬತ್ತೂ ಸಂಜೆ ಓಡಲೇಬೇಕು. ಆದ್ದರಿಂದ ಆಗಸ್ಟ್ ಪೂರ್ತಿ ಪ್ಯಾಸೆಂಜರ್ ಬೋಗಿಗಳ ಚಕ್ರ ಬದಲಿಸೋದಕ್ಕೆ ಮೀಸಲು: ಪ್ಲಾಸ್ಟಿಕ್ ಚಕ್ರ ಕೊಳೆ ಎತ್ತಿ ಹಳಿಗೆ ಸವರುತ್ತೆ, ಲೋಹದ ಚಕ್ರಕ್ಕೆ ಬೋಗಿಗೆ ₹400ರ ಹತ್ತಿರ. ಎರಡು ಎಂಜಿನ್ ಬೇಕು. 20 ನಿಮಿಷ ಒಂದು, ಅದು ತಣಿಯುವವರೆಗೆ ಇನ್ನೊಂದು. ಸಣ್ಣ ಮೋಟಾರ್, ಎರಡು ಗಂಟೆ ಬಿಡದೆ ಓಡಿಸಿದರೆ ಬ್ರಶ್ ಸವೆಯುತ್ತೆ. ಕುಂಕುಮ, ಅಕ್ಷತೆ, ಸೇವಂತಿಗೆ ಎಸಳು ಮೂರೂ ಗೇರ್‌ಬಾಕ್ಸಿನ ಶತ್ರುಗಳು, ದೀಪದ ಎಣ್ಣೆ ಹೊಗೆ ಹಳಿಗೆ ಜಿಡ್ಡು ಕಟ್ಟಿಸುತ್ತೆ. ದೀಪ ಮೂರಡಿ ದೂರ ಇಡಿ, ಪ್ರತಿ ರಾತ್ರಿ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ.

ಒಂದಕ್ಕೆ_ಐವತ್ತು (ಸಕಲೇಶಪುರ)
ಐಸೋಪ್ರೊಪೈಲ್ ಹಳಿಗೆ ಬಳಿದು ವಾರ ವಾರ ಒರೆಸೋ ಕಾಲ ಹೋಯಿತು. ಅದರ ಡೈಎಲೆಕ್ಟ್ರಿಕ್ ಅಂಕಿ (ದ್ರವ ಎಷ್ಟು ಧ್ರುವೀಯ ಅನ್ನೋ ಅಳತೆ) 18ರ ಹತ್ತಿರ, ಸೀಮೆಎಣ್ಣೆ ಅಥವಾ ಮಿನರಲ್ ಟರ್ಪೆಂಟೈನ್‌ದು 2. ಧ್ರುವೀಯ ದ್ರವ ಬಿಟ್ಟ ಪದರದಲ್ಲಿ ಚಕ್ರದಡಿ ಕಿಡಿ ಜಾಸ್ತಿ, ಕಿಡಿ ಜಾಸ್ತಿಯಾದರೆ ಕರಿ ಆಕ್ಸೈಡ್ ಅಂತಾರೆ. ಮಳೆಗಾಲದಲ್ಲಿ ಇದು ಎದ್ದು ಕಾಣುತ್ತೆ. ಸೀಮೆಎಣ್ಣೆಯಿಂದ ಒರೆಸಿ, ಒಣಬಟ್ಟೆ ಹಾಕಿ, 4ಬಿಗಿಂತ ಮೆತ್ತನೆಯ ಗ್ರಾಫೈಟ್ ಕಡ್ಡಿ ಹಳಿಯ ಒಳಅಂಚಿಗೆ ಒಂದೇ ಗೀರು. ಇಡೀ ಮಳೆಗಾಲ ಮತ್ತೆ ಒರೆಸಬೇಕಾಗಿಲ್ಲ.

ಶಿವಮೊಗ್ಗ_ಲೂಪ್
ಎಲ್ಲರಿಗೂ ಧನ್ಯವಾದ. ಪಾಯಿಂಟ್ ಮೇಲೆ ನಿಲ್ಲೋದಕ್ಕೆ?

ಗೊಂಬೆ_ಮೆಟ್ಟಿಲು
ದೀಪ ಹಚ್ಚಿದ ಕೋಣೆಯಲ್ಲಿ ಸೀಮೆಎಣ್ಣೆ! ಮನೆ ಸುಡೋ ಸಲಹೆ ಕೊಡಬೇಡಿ.

ಒಂದಕ್ಕೆ_ಐವತ್ತು
ನಿಮ್ಮ ಆಲ್ಕೋಹಾಲ್ 12 ಡಿಗ್ರಿಗೇ ಹೊತ್ತಿಕೊಳ್ಳೋ ಆವಿ ಬಿಡುತ್ತೆ ಸ್ವಾಮಿ, ಸೀಮೆಎಣ್ಣೆಗೆ 38 ಆದರೂ ಬೇಕು. ಮೊದಲು ಅದನ್ನು ನೋಡಿ.

ಶಿವಮೊಗ್ಗದವರೇ, ಪಾಯಿಂಟ್: ಬ್ಲೇಡ್ (ಸರಿಯೋ ಹಳಿ) ಹೋಗಿ ಸ್ಟಾಕ್ ರೈಲಿಗೆ (ಪಕ್ಕದ ಅಲುಗದ ಹಳಿ) ತಾಗಿದರೆ ಮಾತ್ರ ಕರೆಂಟು ಹರಿಯೋ ಜಾತಿ ನಿಮ್ಮದು. ಆ ತಾಗೋ ಜಾಗ ತೇವಕ್ಕೆ ಆಕ್ಸೈಡ್ ಕಟ್ಟುತ್ತೆ. ಉಜ್ಜಿದರೆ ವಾರ ಬರುತ್ತೆ. ಬ್ಲೇಡಿಗೆ ಸ್ಟಾಕ್ ರೈಲಿನಿಂದ ತೆಳು ವೈರ್ ಬೆಸೆದು, ಫ್ರಾಗ್ (ಎರಡು ದಾರಿಯ ಹಳಿ ಕೂಡೋ ಮೊನೆ) ಕಡೆ ಬ್ಲೇಡಿನ ಸಂಪರ್ಕ ಕತ್ತರಿಸಿ, ಫ್ರಾಗಿಗೆ ಪಾಯಿಂಟ್ ಮೋಟಾರಿನ ಮೈಕ್ರೋಸ್ವಿಚ್ ಮೂಲಕ ಕರೆಂಟು ಕೊಡಿ. ಸ್ವಿಚ್ ₹40, ಕೆಲಸ ಪಾಯಿಂಟಿಗೆ ಒಂದು ಗಂಟೆ. ಆಮೇಲೆ ₹5 ನಾಣ್ಯ ಹಳಿಗಳ ಮೇಲೆ ಅಡ್ಡ ಇಡಿ. ಲೇಔಟಿನ ಯಾವ ಮೂಲೆಯಲ್ಲಿಟ್ಟರೂ ಬೂಸ್ಟರ್ (ಹಳಿಗೆ ಕರೆಂಟು ಕೊಡೋ ಪೆಟ್ಟಿಗೆ) ತಕ್ಷಣ ಟ್ರಿಪ್ ಆಗಬೇಕು. ಆಗದ ಕಡೆ ಜಾಯ್ನರ್ ಕೊಳೆತಿದೆ, ಫೀಡರ್ ಸೇರಿಸಿ. ಗುಡುಗಿದರೆ ಪ್ಲಗ್ ಕೀಳಿ, ಸ್ವಿಚ್ ಆರಿಸಿದರೆ ಸಾಲದು. ಮೊದಲ ಮಳೆಯ ಸಂಜೆ ಲೇಔಟ್ ಲೈಟು ಹಾಕಬೇಡಿ, ಮಳೆಹುಳದ ರೆಕ್ಕೆ ಇಡೀ ಯಾರ್ಡಿಗೆ ಅಂಟುತ್ತೆ.

ಹುಬ್ಬಳ್ಳಿ_ಲೋಕೋಶೆಡ್
ಹೆಸರು ಒಂದಕ್ಕೆ ಐವತ್ತು (50 ಮೀಟರಿಗೆ ಒಂದು ಮೀಟರ್ ಏರು), ಅಂದ್ರ ಸಕಲೇಶಪುರ-ಸುಬ್ರಹ್ಮಣ್ಯ ರೈಲು ಘಾಟ್. 57 ಸುರಂಗದ ಬ್ರಾಡ್‌ಗೇಜ್ ಘಾಟ್ ನೀವು 16.5 ಮಿ.ಮೀ. ಹಳಿ ಮ್ಯಾಲ ಮಾಡೀರಿ? ಬ್ರಾಡ್‌ಗೇಜಿನ ಅಗಲ 1676 ಮಿ.ಮೀ., ಅದನ್ನ 87ರಿಂದ ಭಾಗಸ್ರಿ, 19.26 ಬರ್ತದ. ನಿಮ್ದು ಯುರೋಪಿನ ಗೇಜು.

ಒಂದಕ್ಕೆ_ಐವತ್ತು
19.26ಕ್ಕೆ ಪ್ರತಿ ಆಕ್ಸಲ್ಲು ಲೇತಿಗೆ ಹಾಕಬೇಕು. ಆಟಿಕೆಗೆ ಕಸ್ಟಮ್ಸ್ ಸುಂಕ 2020ರಲ್ಲಿ ಶೇ 20ರಿಂದ 60 ಆಯಿತು, 2023ರಲ್ಲಿ 70. ಮಾದರಿ ರೈಲೂ ಅದೇ ಶೀರ್ಷಿಕೆಯಡಿ. ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಸೇರಿಸಿ ಆ ಲೆಕ್ಕಕ್ಕೆ ₹10,000 ಎಂಜಿನ್ ಎರಡು ಪಟ್ಟಿನ ಹತ್ತಿರ ಬೀಳುತ್ತೆ. ಅಷ್ಟು ಕೊಟ್ಟು ತಂದ ಎಂಜಿನ್ನಿನ ಚಕ್ರ ಕಿತ್ತು ಲೇತಿಗೆ ಹಾಕೋ ಧೈರ್ಯ ನಿಮಗಿದ್ದರೆ ಮಾಡಿ.

ಮೀಟರ್‌ಗೇಜ್ ಕಾಲದ ಘಾಟ್ ಬೇಕಾದವರು 12 ಮಿ.ಮೀ. ಹಳಿ ಹಾಕಿ ವೈಡಿಎಂ-4 ಡೀಸೆಲ್ ಎಂಜಿನ್ ಓಡಿಸಲಿ. 1000ನ್ನು 87ರಿಂದ ಭಾಗಿಸಿದರೆ 11.5, ಅದು ಇನ್ನೂ ಹತ್ತಿರ.

ಪಡುವಣ_ಯಾರ್ಡ್
ಗೇಜು ಹಾಗಿರಲಿ. 2% ಏರಿಗೆ ಗ್ರಾಫೈಟ್ ಬಳಿಯಲು ಹೇಳುತ್ತೀರಿ, ಎಂಜಿನ್ ಜಾರುವುದಿಲ್ಲವಾ? ನಮ್ಮಲ್ಲಿ ಬೂಸ್ಟರ್ ಆನ್ ಇಟ್ಟೇ ಚಕ್ರ ಅಲ್ಲೇ ತಿರುಗುತ್ತಿತ್ತು.

ಒಂದಕ್ಕೆ_ಐವತ್ತು
ಬಳಿಯಲು ಹೇಳಿಲ್ಲ, ಒಂದು ಗೀರು ಅಂದೆ. ಅದೂ ಸಮತಟ್ಟಿನಲ್ಲಿ ಮಾತ್ರ. ಚಕ್ರಗಳೇ ಅದನ್ನು ಏರಿನವರೆಗೆ ಒಯ್ಯುತ್ತವೆ. ಜಾರಿದರೆ ಏರಿನ ಹಳಿಯನ್ನಷ್ಟೇ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಲ್ಲಿ ಎರಡು ಸಲ ತೀಡಿ, ಎಂಜಿನ್ನಿನ ರಬ್ಬರ್ ಟೈರ್ ಬದಲಿಸಿ. ಬೇಸಗೆಯಲ್ಲಿ ಆ ಟೈರು ಒಣಗಿ ಬಿರಿದಿರುತ್ತೆ, ಜನ ಗ್ರಾಫೈಟಿಗೆ ಬೈತಾರೆ.