ಭರತನಾಟ್ಯ ಕಲಿಯುವ ಮಗಳನ್ನು ಕಳರಿಗೂ ಸೇರಿಸಬಹುದಾ?

ಮೈಸೂರಮ್ಮ: ಮಗಳಿಗೆ 9 ವರ್ಷ. ಮೂರು ವರ್ಷದಿಂದ ಭರತನಾಟ್ಯಕ್ಕೆ ಹೋಗುತ್ತಿದ್ದಾಳೆ, ಅಡವು (ಮೂಲ ಹೆಜ್ಜೆಗಳು) ಮುಗಿದು ಈಗ ಮೊದಲ ನೃತ್ಯ ಅಲರಿಪು ನಡೆಯುತ್ತಿದೆ. ನಮ್ಮ ಬಡಾವಣೆಯಲ್ಲಿ ಕೇರಳದ ಸಮರಕಲೆ ಕಳರಿಪಯಟ್ಟು ಕ್ಲಾಸ್ ಶುರುವಾಗಿದೆ, ಶನಿವಾರ ಭಾನುವಾರ ಬೆಳಗ್ಗೆ 6ಕ್ಕೆ. ಒಂದೇ ದಿನ ನೋಡಿ ಬಂದವಳು ಮನೆಯಲ್ಲಿ ಬಾಗಿಲ ಹತ್ತಿರ ನಿಂತು ಕೈ ತಲೆ ಮೇಲೆ ಎತ್ತಿ, ಅಂಗೈಗೆ ತಾಗುವ ಹಾಗೆ ಕಾಲು ಬೀಸುತ್ತಾಳೆ. ಊಟಕ್ಕೆ ಕರೆದರೂ ಬರುವುದಿಲ್ಲ. ಡಾನ್ಸ್ ಮಿಸ್‌ಗೆ ಹೇಳಿದರೆ "ಎರಡರಲ್ಲಿ ಒಂದು ಇಟ್ಟುಕೊಳ್ಳಿ, ಕಳರಿಗೆ ಹೋದರೆ ಅರೆಮಂಡಿ ಕೆಡುತ್ತದೆ" ಅಂದರು. ಅರೆಮಂಡಿ ಅಂದರೆ ಮಂಡಿ ಹೊರಕ್ಕೆ ಬಗ್ಗಿಸಿ ಅರ್ಧ ಕೂತ ಹಾಗೆ ನಿಲ್ಲುವುದು. ನಿಜವಾಗಲೂ ಕೆಡುತ್ತದಾ? ಎರಡೂ ಕಲಿತವರು ಇದ್ದರೆ ಹೇಳಿ. ಶನಿವಾರದೊಳಗೆ ಹೆಸರು ಕೊಡಬೇಕು.

ತಟ್ಟುಮಣೆ: ನಾನು 22 ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಮಿಸ್ ಹೇಳಿದ್ದು ಸರಿ. ಕಳರಿಯಲ್ಲಿ ಮೈ ತಗ್ಗಿಸಿ ಮುಂದಕ್ಕೆ ನುಗ್ಗಬೇಕು, ತೂಕ ಒಂದು ಕಾಲಿಂದ ಇನ್ನೊಂದಕ್ಕೆ ಓಡುತ್ತಲೇ ಇರುತ್ತದೆ. ನಮ್ಮಲ್ಲಿ ಬೆನ್ನು ನೆಟ್ಟಗೆ, ತೂಕ ಎರಡೂ ಕಾಲಿಗೆ ಸಮ. ಇಷ್ಟು ಚಿಕ್ಕ ಮಗುವಿಗೆ ಎರಡು ಅಭ್ಯಾಸ ಒಟ್ಟಿಗೆ ಹಾಕಿದರೆ ಎರಡೂ ಅರ್ಧಂಬರ್ಧ. ಸಾವಿರಾರು ವರ್ಷದಿಂದ ಹೀಗೇ ಕಲಿಸಿಕೊಂಡು ಬಂದ ಕಲೆ ಇದು.

ಕಾಸರಗೋಡಿನವ: "ಅರ್ಧಂಬರ್ಧ" ಅಂದಿರಲ್ಲ ಮೇಡಂ, ವಡಗರದ ಮೀನಾಕ್ಷಿ ಅಮ್ಮ ಗೊತ್ತಲ್ವಾ? ಡಾನ್ಸ್ ಕಲಿಯುತ್ತಿದ್ದ ಹುಡುಗಿ ಏಳನೇ ವಯಸ್ಸಿಗೆ ಕಳರಿಗೆ ಇಳಿದಳು. 2017ರಲ್ಲಿ ಪದ್ಮಶ್ರೀ ಬಂತು. ಎಪ್ಪತ್ತು ದಾಟಿದ ಮೇಲೂ ಸೀರೆ ಉಟ್ಟುಕೊಂಡೇ ಕೋಲು ಹಿಡಿದು ಗಂಡಸರ ಎದುರು ನಿಲ್ಲುತ್ತಾರೆ. ಇದು ಅರ್ಧಂಬರ್ಧವಾ?

ತಟ್ಟುಮಣೆ: ಪದ್ಮಶ್ರೀ ಬಂದಿದ್ದು ಕಳರಿಗೆ, ಡಾನ್ಸ್‌ಗಲ್ಲ. ಒಂದನ್ನು ಹಿಡಿದರು, ಮೇಲೆ ಬಂದರು. ನಾನು ಹೇಳಿದ್ದೂ ಅದನ್ನೇ.

ಕಾಸರಗೋಡಿನವ: ಹಾಗಾದರೆ ಚಂದ್ರಲೇಖಾ? ಭರತನಾಟ್ಯ, ಕಳರಿ, ಯೋಗ ಮೂರನ್ನೂ ಸೇರಿಸಿ 1985ರಲ್ಲಿ ರಂಗಕ್ಕೆ ತಂದರು. ಅವರ ಅರೆಮಂಡಿ ಕೆಟ್ಟಿತ್ತಾ?

ತಟ್ಟುಮಣೆ: ಚಂದ್ರಲೇಖಾ ಕಾಂಚೀಪುರಂ ಎಲ್ಲಪ್ಪ ಪಿಳ್ಳೆಯವರ ಹತ್ತಿರ ಕಲಿತು ರಂಗಪ್ರವೇಶ ಮಾಡಿದ್ದು 1952ರಲ್ಲಿ. ನೀವು ಹೇಳಿದ 1985ಕ್ಕೂ ಅದಕ್ಕೂ 33 ವರ್ಷ ಅಂತರ. ಈ ಮಗು ಇನ್ನೂ ಅಲರಿಪುವಿನಲ್ಲಿದೆ ತಮ್ಮಾ.

ಹಳೆಪುಟ: ಅದೆಲ್ಲ ಇರಲಿ. "ಸಾವಿರಾರು ವರ್ಷದಿಂದ ಹೀಗೇ" ಅಂದಿರಲ್ಲ ಮೇಡಂ, ಅದನ್ನು ಒಪ್ಪುವುದಕ್ಕಾಗುವುದಿಲ್ಲ. ಭರತನಾಟ್ಯ ಅನ್ನುವ ಹೆಸರು ಗಟ್ಟಿಯಾಗಿದ್ದೇ 1930ರ ದಶಕದಲ್ಲಿ. ಅದಕ್ಕೆ ಮುಂಚೆ ಜನ ಸದಿರ್ ಅನ್ನುತ್ತಿದ್ದರು. ಅದನ್ನು ಉಳಿಸಿದ್ದು ದೇವದಾಸಿ ಮನೆತನದ ಹೆಂಗಸರು. ಅವರನ್ನು ಬೈದು ಮೂಲೆಗೆ ತಳ್ಳಿದ ಕಾಲದಲ್ಲೇ ರುಕ್ಮಿಣಿದೇವಿ ಅರುಂಡೇಲ್ 1935ರಲ್ಲಿ ಅಡ್ಯಾರಿನಲ್ಲಿ ಕುಣಿದರು, ಮರುವರ್ಷ ಅವರ ನೃತ್ಯಶಾಲೆ ಕಲಾಕ್ಷೇತ್ರ ಶುರುವಾಯಿತು. ಇವತ್ತಿನ ಯೂನಿಫಾರಂ, ಸಾಲಾಗಿ ನಿಲ್ಲಿಸುವ ಪಾಠ ಎಲ್ಲ ಈಚಿನದು.

ತಟ್ಟುಮಣೆ: ಹೆಸರು ಈಚಿನದಾದರೆ ಕಲೆಯೂ ಈಚಿನದಾ? ಬಾದಾಮಿ ಮೊದಲನೇ ಗುಹೆಯ ನಟರಾಜ ಆರನೇ ಶತಮಾನದ್ದು, 18 ಕೈ. ಬೇಲೂರಿನ ಮದನಿಕೆಯರನ್ನು ನೋಡಿ, ದೇವಸ್ಥಾನ ಕಟ್ಟಿದ್ದು 1117ರಲ್ಲಿ. ನಮ್ಮ ಊರಿನ ಕಲ್ಲೇ ಸಾಕ್ಷಿ ಹೇಳುತ್ತಿದೆ.

ಹಳೆಪುಟ: ಕಲ್ಲು ನೋಡಿದರೆ ಆಗ ಕುಣಿತ ಇತ್ತು ಅಂತ ಗೊತ್ತಾಗುತ್ತದೆ. ಇವತ್ತಿನ ಪಾಠ ಇತ್ತು ಅಂತ ಗೊತ್ತಾಗುವುದಿಲ್ಲ. ಮೊದಲ ಅಲರಿಪುವಿನಿಂದ ಕೊನೆಯ ತಿಲ್ಲಾನದವರೆಗೆ ನೃತ್ಯಗಳ ಈ ಸಾಲು ಜೋಡಿಸಿದ್ದು ತಂಜಾವೂರಿನ ನಾಲ್ಕು ಜನ ಅಣ್ಣತಮ್ಮಂದಿರು, 19ನೇ ಶತಮಾನದ ಮೊದಲ ಭಾಗದಲ್ಲಿ. ಅವರಲ್ಲಿ ಚಿನ್ನಯ್ಯ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೇ ಬಂದಿದ್ದರು. ಇನ್ನೂರು ವರ್ಷದ ಮಾತು.

ಕಾಸರಗೋಡಿನವ: ನೋಡಿದಿರಾ! ಕಳರಿ ಇದಕ್ಕಿಂತ ಎಷ್ಟೋ ಹಳೆಯದು. ಬೌದ್ಧ ಭಿಕ್ಷು ಬೋಧಿಧರ್ಮ ಇಲ್ಲಿಂದಲೇ ಕಲಿತುಕೊಂಡು ಚೀನಾಕ್ಕೆ ಹೋಗಿದ್ದು, ಅಲ್ಲಿನ ಬೌದ್ಧಮಠ ಶಾವೊಲಿನ್‌ನವರು ಕಲಿತಿದ್ದು ಅವನಿಂದ.

ಹಳೆಪುಟ: ನಿಮ್ಮದೂ ಅದೇ ಕಥೆಯಾಯಿತು. ಬೋಧಿಧರ್ಮನನ್ನು ಶಾವೊಲಿನ್ ವ್ಯಾಯಾಮಗಳಿಗೆ ಗಂಟು ಹಾಕುವ ಚೀನೀ ಪುಸ್ತಕ 17ನೇ ಶತಮಾನದ್ದು. ಅವನು ಬದುಕಿದ್ದು ಐದು–ಆರನೇ ಶತಮಾನದಲ್ಲಿ. ನಡುವೆ ಸಾವಿರ ವರ್ಷ. ಅದರಲ್ಲಿ ಕಳರಿಯ ಹೆಸರೂ ಇಲ್ಲ.

ಕಾಸರಗೋಡಿನವ: ಪುಸ್ತಕದಲ್ಲಿ ಇಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ! ಬ್ರಿಟಿಷರ ವಿರುದ್ಧ ಹೋರಾಡಿದ ಪಳಶ್ಶಿರಾಜ 1805ರಲ್ಲಿ ಸತ್ತ ಹೊತ್ತಿಗೆ ಬ್ರಿಟಿಷರು ಮಲಬಾರಿನಲ್ಲಿ ಆಯುಧ ಇಟ್ಟುಕೊಂಡವರನ್ನು ಬಿಡುತ್ತಿರಲಿಲ್ಲ. ಕಳರಿಗಳು ಮುಚ್ಚಿದವು. ಗುರುಕ್ಕಳ್‌ಗಳು, ಅಂದರೆ ಕಳರಿ ಗುರುಗಳು, ಮನೆಯ ಹಿತ್ತಲಲ್ಲಿ ಕದ್ದು ಕಲಿಸಿ ಉಳಿಸಿದರು. ಅಂಥವರಿಂದ ದಾಖಲೆ ಕೇಳುತ್ತೀರಾ? ನನ್ನ ಅಜ್ಜನ ಊರಲ್ಲಿ ಕಳರಿಯ ಕುಳಿ, ಅಂದರೆ ಅಭ್ಯಾಸ ಮಾಡುವ ತಗ್ಗು, ಇವತ್ತಿಗೂ ಇದೆ. 42 ಅಡಿ ಉದ್ದ, 21 ಅಡಿ ಅಗಲ, ಎದೆಮಟ್ಟ ಕೆಳಗೆ ಇಳಿಯಬೇಕು. ಪೂರ್ವದ ಬಾಗಿಲಲ್ಲಿ ಬಲಗಾಲಿಟ್ಟು ಇಳಿದು, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, ಮೂಲೆಯ ಏಳು ಮೆಟ್ಟಿಲ ಪೂತ್ತರ ಅನ್ನುವ ಪೂಜೆಯ ಕಟ್ಟೆಗೆ ಕೈ ಮುಗಿದ ಮೇಲೇ ಪಾಠ. ಆ ಮಣ್ಣಿನ ತಂಪು, ಎಣ್ಣೆಯ ವಾಸನೆ ಕಾಲಿಗೆ, ಮೂಗಿಗೆ ಈಗಲೂ ಬರುತ್ತದೆ. ಅದನ್ನು ಕಥೆ ಅನ್ನಬೇಡಿ.

ಹಳೆಪುಟ: ಕುಳಿಯನ್ನು ನಾನು ಕಥೆ ಅನ್ನಲಿಲ್ಲ, ಬೋಧಿಧರ್ಮನನ್ನು ಅಂದೆ. "ಕಳರಿಗಳು ಮುಚ್ಚಿದವು" ಅಂತ ನೀವೇ ಬರೆದಿರಿ. ಮತ್ತೆ ಎಬ್ಬಿಸಿದ್ದು ಯಾರು? ಕೋಟ್ಟಕ್ಕಲ್ ಕಣಾರನ್ ಗುರುಕ್ಕಳ್, ಅವರ ಶಿಷ್ಯ ಸಿ.ವಿ. ನಾರಾಯಣನ್ ನಾಯರ್. ತಲಶ್ಶೇರಿ ಕಡೆ, ಸದಿರ್ ಹೆಸರು ಬದಲಾದ ಹೆಚ್ಚುಕಮ್ಮಿ ಅದೇ ಕಾಲದಲ್ಲಿ. ಎರಡೂ ಕಲೆ ಬಿದ್ದು ಎದ್ದಿದ್ದು ಒಂದೇ ಹೊತ್ತಿನಲ್ಲಿ. ಇಬ್ಬರೂ "ನಮ್ಮದು ಬದಲಾಗಿಲ್ಲ" ಅನ್ನುತ್ತೀರಿ.

ಮಂಡಿಚಿಪ್ಪು: ನಾನು ಫಿಸಿಯೋ. ಇತಿಹಾಸ ಗೊತ್ತಿಲ್ಲ. ಮೈಸೂರಮ್ಮನವರೇ, ಮಗಳು ಯಾವ ನೆಲದ ಮೇಲೆ ತಟ್ಟುತ್ತಾಳೆ? ಅರೆಮಂಡಿಯಲ್ಲಿ ಕಾಲು ಹೊರಕ್ಕೆ ತಿರುಗಬೇಕಾದ್ದು ಸೊಂಟದ ಕೀಲಿನಿಂದ. ಎಷ್ಟೋ ಮಕ್ಕಳು ಪಾದವನ್ನು ಮಾತ್ರ ತಿರುಗಿಸಿ ಕೂರುತ್ತಾರೆ, ಮಂಡಿ ಒಳಕ್ಕೆ ಬೀಳುತ್ತದೆ. ನೋವು ಶುರುವಾಗುವುದು ಅಲ್ಲಿ. ಕಳರಿಗೆ ಹೋದರೂ ಹೋಗದಿದ್ದರೂ ಅದನ್ನು ನೋಡಿಸಿ.

ಮೈಸೂರಮ್ಮ: ಟೈಲ್ಸ್ ನೆಲ ಸರ್. ಮನೆಯಲ್ಲೂ ಅಲ್ಲೂ. ಹಿಮ್ಮಡಿ ನೋವು ಅಂತ ಆಗಾಗ ಹೇಳುತ್ತಾಳೆ, ಜಾಸ್ತಿ ಏನಿಲ್ಲ ಅಂದುಕೊಂಡಿದ್ದೆ. ಏನು ಮಾಡಬೇಕು?

ತಟ್ಟುಮಣೆ: "ಬಿದ್ದು ಎದ್ದಿದ್ದು" ಅನ್ನುವ ಮಾತು ವಾಪಸ್ ತಗೊಳ್ಳಿ ಹಳೆಪುಟ ಅವರೇ. ಮೈಸೂರಿನಲ್ಲಿ ಬಿದ್ದಿರಲಿಲ್ಲ. ಜಟ್ಟಿ ತಾಯಮ್ಮನವರು ಅರಮನೆಯಲ್ಲಿ ಕುಣಿದವರು, ಅವರ ಶಿಷ್ಯೆ ವೆಂಕಟಲಕ್ಷ್ಮಮ್ಮನವರಿಗೆ 1992ರಲ್ಲಿ ಪದ್ಮಭೂಷಣ ಬಂತು. ದಾರ ಎಲ್ಲೂ ಹರಿದಿಲ್ಲ.

ಹಳೆಪುಟ: ಒಳ್ಳೆಯದಾಯಿತು, ನೀವೇ ಆ ಹೆಸರು ತೆಗೆದಿರಿ. ತಾಯಮ್ಮನವರ ಹೆಸರಿನಲ್ಲಿ "ಜಟ್ಟಿ" ಯಾಕಿದೆ? ಅವರ ತಂದೆ ದಾಸಪ್ಪ ಅರಮನೆಯ ಜಟ್ಟಿ. ಕುಸ್ತಿಯವರ ಮನೆಯ ಮಗಳು ಮೈಸೂರು ಶೈಲಿಗೆ ತಾಯಿಯಾದರು. ಇವತ್ತಿಗೂ ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಆಗುತ್ತದೆ. ಗರಡಿ, ಗೆಜ್ಜೆ ಎರಡೂ ಒಂದೇ ಅರಮನೆಯ ಅನ್ನ ಉಂಡವು. ಈಗ ಒಂದು ಮಗು ಎರಡೂ ಕಲಿತರೆ ಕೆಡುತ್ತದೆ ಅನ್ನುತ್ತೀರಿ.

ತಟ್ಟುಮಣೆ: ಇದಕ್ಕೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ತಂದೆ ಜಟ್ಟಿಯಾದರೆ ಮಗಳು ಅಖಾಡಕ್ಕೆ ಇಳಿದಿದ್ದರು ಅಂತಲಾ? ತಾಯಮ್ಮನವರು ಹೆಸರಾಗಿದ್ದು ಅಭಿನಯಕ್ಕೆ, ಕೂತಲ್ಲೇ ಒಂದು ಜಾವಳಿ ಹಾಡಿಗೆ ಹತ್ತಾರು ಭಾವ ತೋರಿಸುವುದಕ್ಕೆ. ಅವರನ್ನು ನಿಮ್ಮ ವಾದಕ್ಕೆ ಎಳೆದು ತರಬೇಡಿ. ವಿಷಯ ಗೊತ್ತಿಲ್ಲದವರು ಸುಮ್ನೆ ಇರುವುದು ಒಳ್ಳೆಯದು.

ಹಳೆಪುಟ: ಅಖಾಡಕ್ಕೆ ಇಳಿದರು ಅಂತ ನಾನು ಎಲ್ಲಿ ಬರೆದೆ? ತೋರಿಸಿ.

ಕಾಸರಗೋಡಿನವ: "ಅಭಿನಯಕ್ಕೆ" ಅಂದಿರಿ ಮೇಡಂ. ಕಥಕ್ಕಳಿಯಲ್ಲಿ ಅಭಿನಯ ಇಲ್ವಾ? ಅಲ್ಲಿ ಮಕ್ಕಳಿಗೆ ಮೊದಲು ಮೈಗೆ ಎಣ್ಣೆ ಹಚ್ಚಿ ಕಾಲಲ್ಲಿ ತುಳಿದು ಉಳಿಚ್ಚಿಲ್ ಮಾಡುತ್ತಾರೆ, ಆಮೇಲೆ ಹುಬ್ಬು, ಕಣ್ಣು. ಅದು ಕಳರಿಯಿಂದ ಬಂದ ಪದ್ಧತಿ.

ಕೋಲೂಗೆಜ್ಜೆಯೂ: ಎರಡೂ ಕಲಿತವರು ಬೇಕು ಅಂದಿರಲ್ಲ ಅಕ್ಕ, ನಾನು ಕಲಿತಿದ್ದೇನೆ. 12 ವರ್ಷ ಭರತನಾಟ್ಯ, ಆಮೇಲೆ ನಾಲ್ಕು ವರ್ಷ ಕಳರಿ, ಎರಡೂ ಜೊತೆಗೇ. ಮೊದಲ ಮೂರು ತಿಂಗಳು ನನ್ನ ಅರೆಮಂಡಿ ನಿಜವಾಗಲೂ ಮೇಲೆದ್ದಿತ್ತು. ಕಾರಣ ಮೈಗೆ ಬೇರೆ ಅಭ್ಯಾಸ ಹತ್ತಿದ್ದಲ್ಲ. ಬೆಳಗ್ಗೆ ಇರುತ್ತಿಕಾಲ್, ಅಂದರೆ ಕಾಲು ಬೀಸಿ ಹಾಗೇ ನೆಲಕ್ಕೆ ಕೂತು ಏಳುವುದು. ಸಂಜೆ ಡಾನ್ಸ್. ತೊಡೆ ಗಡಗಡ ನಡುಗುತ್ತಿತ್ತು, ಕೂರುವುದಕ್ಕೇ ಆಗುತ್ತಿರಲಿಲ್ಲ. ಎರಡು ಕ್ಲಾಸ್ ನಡುವೆ ಎರಡು ದಿನ ಬಿಟ್ಟ ಮೇಲೆ ಸರಿಹೋಯಿತು. ಕಳರಿಯಲ್ಲಿ ಬೇರೆ ಕಷ್ಟ ಆಯಿತು. ನಾನು ಪ್ರತಿ ಭಂಗಿಗೂ ಫೋಟೋಗೆ ನಿಂತ ಹಾಗೆ ನಿಲ್ಲುತ್ತಿದ್ದೆ. ಗುರುಕ್ಕಳ್ ಬೆನ್ನ ಮೇಲೆ ಕೈ ಇಟ್ಟು "ನಿಲ್ಲಬೇಡ, ಹರಿ" ಅನ್ನುತ್ತಿದ್ದರು. ಒಂದು ವರ್ಷ ಆದಮೇಲೆ ಡಾನ್ಸ್ ಮಿಸ್ಸೇ ಕೇಳಿದರು, ನೀನು ಹಾರಿ ಇಳಿದರೆ ಸದ್ದೇ ಬರಲ್ಲವಲ್ಲ, ಏನು ಮಾಡಿದೆ ಅಂತ. ಆದರೆ ನಾನು ಸೇರಿದ್ದು 19ಕ್ಕೆ, 9ಕ್ಕಲ್ಲ.

ತಟ್ಟುಮಣೆ: "ಅರೆಮಂಡಿ ಮೇಲೆದ್ದಿತ್ತು." ಎರಡೂ ಕಲಿತವರ ಬಾಯಲ್ಲೇ ಬಂತು. ಅದೂ 12 ವರ್ಷ ಕಲಿತ ಮೇಲೆ.

ಕಾಸರಗೋಡಿನವ: "ಸದ್ದೇ ಬರಲ್ಲ" ಅಂತ ಡಾನ್ಸ್ ಟೀಚರೇ ಹೇಳಿದ್ದನ್ನೂ ಓದಿ ಮೇಡಂ.

ಮಂಡಿಚಿಪ್ಪು: ಹಿಮ್ಮಡಿ ನೋವು ಆಗಾಗ ಬರುತ್ತಿದ್ದರೆ ಬಿಡಬೇಡಿ. 9 ವರ್ಷಕ್ಕೆ ಹಿಮ್ಮಡಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ, ಮನೆಯಲ್ಲಿ ಟೈಲ್ಸ್ ಮೇಲೆ ಜೋರಾಗಿ ತಟ್ಟಿಸಬೇಡಿ. ಎರಡನೇ ಕ್ಲಾಸ್ ವಿಷಯ ಅದಾದ ಮೇಲೆ.

ಮೈಸೂರಮ್ಮ: ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇವೆ. ಕಳರಿಯವರಿಗೆ ಫೋನ್ ಮಾಡಿದ್ದೆ, ಅವರದು ಮಣ್ಣಿನ ನೆಲವಂತೆ, ಮುಂದಿನ ತಿಂಗಳು ಬಂದರೂ ಸೇರಿಸಿಕೊಳ್ಳುತ್ತಾರಂತೆ. ಡಾನ್ಸ್ ಇರುವುದು ಮಂಗಳವಾರ, ಗುರುವಾರ. ನೋವಿಲ್ಲ ಅಂತಾದರೆ ಶನಿವಾರ ಒಂದೇ ದಿನ ಕಳಿಸೋಣ ಅಂದುಕೊಂಡಿದ್ದೇನೆ, ಶುಕ್ರವಾರ ಬಿಡುವು ಸಿಗುತ್ತದೆ.

ತಟ್ಟುಮಣೆ: ಕಳಿಸುವುದು ನಿಮ್ಮಿಷ್ಟ, ನನ್ನ ಅಭಿಪ್ರಾಯ ಅದೇ. ಆದರೆ ಮಿಸ್‌ಗೆ ಹೇಳದೆ ಕಳಿಸಬೇಡಿ. ಹಿಮ್ಮಡಿ ನೋವಿನ ವಿಷಯವನ್ನೂ ಅವರಿಗೆ ಹೇಳಿ.

ಹಳೆಪುಟ: ಅಖಾಡಕ್ಕೆ ಇಳಿದರು ಅಂತ ನಾನು ಬರೆದ ಸಾಲು ಇನ್ನೂ ತೋರಿಸಿಲ್ಲ ಮೇಡಂ.