ಉಣ್ಣೆ: ನಾಯಿ ಮೈಮೇಲಿನ ಹುಳವೋ, ಕೂದಲೋ?

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ನಮ್ಮ ಬೀದಿಯಲ್ಲಿ ನಾಯಿ, ಬೆಕ್ಕು ಸಾಕಿದ ಮನೆಗಳಿಗೆ ಹಂಚೋಣ ಅಂತ ಒಂದು ಪುಟದ ಕರಪತ್ರ ಬರೆದೆ. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ತಿನ್ನಿಸಬೇಡಿ, ಇತ್ಯಾದಿ. ಅಷ್ಟೂ ಸಲೀಸಾಗಿ ಬಂತು. ಸಿಕ್ಕಿಬಿದ್ದದ್ದು ಒಂದೇ ಸಾಲಿನಲ್ಲಿ: 'ನಾಯಿಯ ಮೈಯಲ್ಲಿ ಉಣ್ಣೆ ಕಂಡರೆ ಬುಡಸಮೇತ ಕಿತ್ತು ತೆಗೆಯಿರಿ.' ಪಮೇರಿಯನ್ ಸಾಕಿರುವ ಪಕ್ಕದ ಮನೆ ಹುಡುಗಿ ಓದಿ, 'ಅಂಕಲ್, ಉಣ್ಣೆ ಕಿತ್ರೆ ಪಾಪ ಬೋಳಾಗಲ್ವಾ ಇದು?' ಅಂದಳು. ಅವಳದು ಸ್ವೆಟರ್ ಅಂಗಡಿಯ ಉಣ್ಣೆ. ನನ್ನದು ಎಂಟು ಕಾಲಿನ, ರಕ್ತ ಹೀರುವ ಉಣ್ಣೆ.

ಎರಡಕ್ಕೂ ನಂಟಿಲ್ಲ. ಬಟ್ಟೆಯ ಉಣ್ಣೆ ಸಂಸ್ಕೃತದ 'ಊರ್ಣಾ'ದಿಂದ ಪ್ರಾಕೃತದ ದಾರಿ ಹಿಡಿದು ಬಂದದ್ದು. ಜೇಡಕ್ಕೆ ಊರ್ಣನಾಭ ಅನ್ನುವಾಗ ಇರುವುದೂ ಅದೇ ಊರ್ಣ. ಹುಳದ ಉಣ್ಣೆ ನಮ್ಮದೇ ಪದ, ತಮಿಳು ಮಲಯಾಳಗಳಲ್ಲೂ 'ಉಣ್ಣಿ' ಅಂತಲೇ ಇದೆ. ಉಂಡು ಉಂಡು ಹುಣಸೆ ಬೀಜದಷ್ಟು ಊದಿಕೊಳ್ಳುವ ಪ್ರಾಣಿಗೆ 'ಉಣ್' ಧಾತು ಬಿಟ್ಟು ಬೇರೆಲ್ಲಿಂದ ಹೆಸರು ಬಂದೀತು ಅಂತ ನನ್ನ ಊಹೆ. ತಿಳಿದವರು ತಿದ್ದಿ.

ಸೋಜಿಗ ಅಂದ್ರೆ, ಎರಡೂ ಉಣ್ಣೆಗಳ ಜೊತೆ ದಿನಾ ಬದುಕುವವರಿಗೆ ಈ ಗೊಂದಲ ಇಲ್ಲ. ನಮ್ಮ ಅಮ್ಮನ ತವರು ಚಳ್ಳಕೆರೆ ಕಡೆ, ಕಂಬಳಿಗೆ ಹೆಸರಾದ ಸೀಮೆ. ಮಾವ ಕುರಿ ಸಾಕಿದವರು. ಅವರ ಬಾಯಲ್ಲಿ ಉಣ್ಣೆ ಅಂದ್ರೆ ಹುಳ ಮಾತ್ರ: 'ಕುರಿಗೆ ಉಣ್ಣೆ ಹತ್ಯಾವೆ ನೋಡು.' ಮಗ್ಗಕ್ಕೆ ಹೋಗೋದು ಕುರಿ ಕೂದ್ಲು. 'ಉಣ್ಣೆ ಕಂಬಳಿ' ಅನ್ನೋದು ಪೇಟೆಯ ಬೋರ್ಡಿನ ಮಾತು. ಹಾಗಾಗಿ ಪಕ್ಕದ ಮನೆಯವಳನ್ನು ನಕ್ಕು ಸುಮ್ಮನಾಗೋ ಹಾಗಿಲ್ಲ, ಆಕೆ ಕಲಿತದ್ದು ಪಠ್ಯಪುಸ್ತಕದ ಕನ್ನಡ, ತಪ್ಪಲ್ಲ.

ವ್ಯಾಕರಣದಲ್ಲಿ ಒಂದು ಸಣ್ಣ ಗುರುತು ಸಿಗುತ್ತೆ. ಬಟ್ಟೆಯ ಉಣ್ಣೆಯನ್ನು ಎಣಿಸೋದಿಲ್ಲ, ಹುಳವನ್ನು ಎಣಿಸ್ತೀವಿ. 'ಕಿವಿ ಸಂದೀಲಿ ನಾಲ್ಕು ಉಣ್ಣೆ ಸಿಕ್ವು' ಅಂದ್ರೆ ಯಾರಿಗೂ ಅನುಮಾನ ಬರಲ್ಲ. ಕ್ರಿಯಾಪದವೂ ಬೇರೆ: ಹುಳ 'ಹತ್ತುತ್ತೆ', 'ಕಚ್ಚಿಕೊಳ್ಳುತ್ತೆ'. ನನ್ನ ಸಾಲಿನಲ್ಲಿ 'ಕಂಡರೆ', 'ಕಿತ್ತು' ಅಂತ ಬರೆದದ್ದೇ ಎಡವಟ್ಟು.

ಹಾಗಾದ್ರೆ ಸುಮ್ಮನೆ 'ಹುಳ' ಅನ್ನಬಹುದಲ್ಲ ಅಂತೀರಾ? ಅದರ ಫಜೀತಿ ಅನುಭವಿಸಿದ್ದೀನಿ. ಔಷಧಿ ಅಂಗಡಿಯಲ್ಲಿ 'ನಾಯಿ ಹುಳಕ್ಕೆ ಏನಾದ್ರೂ ಕೊಡಿ' ಅಂದೆ, ಜಂತುಹುಳದ ಮಾತ್ರೆ ಕೊಟ್ಟರು. ಅವರ ತಪ್ಪೂ ಅಲ್ಲ. ಹೊಟ್ಟೆಯ ಹುಳ ಹೋಯ್ತೇನೋ, ಮೈಮೇಲಿನವು ಹಾಗೇ ಕೂತಿದ್ದವು. ಉಣ್ಣೆಯಿಂದ ನಾಯಿಗೆ ಬರುವ ಜ್ವರ (ಎರ್ಲಿಕಿಯಾ, ಬೆಬೀಸಿಯಾ ಅಂತ ಡಾಕ್ಟರು ಬರೆಯೋದು) ಹುಡುಗಾಟದ್ದಲ್ಲ. ಇನ್ನು 'ಚಿಗಟ' ಅಂತ ಬರೆದರೆ ಅದು ಬೇರೆಯೇ ಪ್ರಾಣಿ: ಆರು ಕಾಲು, ಎಗರುತ್ತೆ, ನಾಯಿಗೂ ಬೆಕ್ಕಿಗೂ ಲಾಡಿಹುಳ ದಾಟಿಸುತ್ತೆ. ಆದರೂ ಊರಲ್ಲಿ ಎರಡನ್ನೂ ಒಟ್ಟಿಗೆ 'ಹೇನು' ಅನ್ನೋರಿದ್ದಾರೆ. ಈ ಸಡಿಲ ಮಾತಿನಿಂದ ಬೆಕ್ಕಿನ ಜೀವಕ್ಕೇ ಕುತ್ತು. 'ಹೇನಿನ ಔಷಧಿ ತಾನೆ' ಅಂತ ನಾಯಿಯದನ್ನು ಬೆಕ್ಕಿಗೂ ಹಚ್ಚುತ್ತಾರೆ. ಅದರಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇದ್ದರೆ ಬೆಕ್ಕು ನಡುಗಿ, ಸೆಟೆದು, ಸತ್ತೇ ಹೋಗಬಹುದು.

ಉಳಿದದ್ದು 'ಉಣುಗು', ಇದೇ ಹುಳದ ಇನ್ನೊಂದು ಹೆಸರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಹರಡೋದು ಈ ಜಾತಿಯ ಹುಳದಿಂದಲೇ, ಹಾಗಾಗಿ ಆ ಸುದ್ದಿಗಳಲ್ಲಿ ಉಣುಗು ಪದ ಆಗಾಗ ಕಾಣುತ್ತೆ. ಹೊನ್ನಾಳಿಯ ನನ್ನ ಗೆಳೆಯರೊಬ್ಬರು ಮನೆಯಲ್ಲೂ ಉಣುಗು ಅಂತಲೇ ಅಂತಾರೆ. ಸ್ವೆಟರಿನ ಕಾಟ ಇಲ್ಲದ ಪದ. ಆದರೆ ನಮ್ಮ ಬೀದಿಯಲ್ಲಿ ಅದನ್ನು ಓದಿದವರು 'ಒಣಗು' ತಪ್ಪಾಗಿ ಅಚ್ಚಾಗಿದೆ ಅಂದುಕೊಂಡರು!

ಈಗ ಸಾಲನ್ನು ಹೀಗೆ ತಿದ್ದಿದ್ದೇನೆ: 'ನಾಯಿಗೆ ಉಣ್ಣೆ (ಉಣುಗು) ಹತ್ತಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ. ರಕ್ತ ಕುಡಿದ ಉಣ್ಣೆ ಉದುರಿ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ, ಮಲಗುವ ಜಾಗವನ್ನೂ ಚೊಕ್ಕಟ ಮಾಡಿ.' ಮೊಟ್ಟೆ ಇಡುವ ಸ್ವೆಟರ್ ಇಲ್ಲವಲ್ಲ, ಪಕ್ಕದ ಮನೆಯವಳಿಗೆ ಈ ಸಲ ಅರ್ಥವಾಯಿತು.

ಕೇಳಬೇಕಾದ್ದು ಇಷ್ಟು. ಜಗಳೂರು, ಮೊಳಕಾಲ್ಮೂರು, ಹೊಸದುರ್ಗದ ಕಡೆ ಇದಕ್ಕೆ ಏನಂತೀರಿ, ಉಣ್ಣೆಯೋ ಉಣ್ಣಿಯೋ ಉಣುಗೋ? ಬೆಕ್ಕಿಗೆ ಹತ್ತುವ ಚಿಗಟಕ್ಕೆ ಬೇರೆ ಹೆಸರುಂಟೇ? ಕುರಿ ಕೂದಲಿಗೆ 'ತುಪ್ಪಟ' ಅನ್ನೋರು ಈಗಲೂ ಇದ್ದಾರಾ? ಶುಕ್ರವಾರ ಅಚ್ಚಿಗೆ ಕೊಡಬೇಕು, ಅದರೊಳಗೆ ಹೇಳಿದರೆ ಉಪಕಾರ.